ಖೋ ಸಿಗೋ ಮುಂಚೆ...

ಭೈರುಂಬೆ ಕಡೆ ಮಳೆಗಾಲ ಅಂದ್ರೆ ಗೊತ್ತಲ್ಲ, ಅಂಗಳದಲ್ಲೂ ಹಾವಸೆ! ಹೈಸ್ಕೂಲಲ್ಲಿ ಖೋ ಖೋ ಆಡೋಕೆ ಮೈದಾನ ಒಣಗೋದನ್ನೇ ಕಾಯ್ತಿದ್ವಿ. 8 ಜನ ಒಬ್ಬ ಇತ್ತ, ಒಬ್ಬ ಅತ್ತ ಮುಖ ಮಾಡಿ ಕೂರ್ಬೇಕು, 9ನೆಯವ ಅಟ್ಟಿಸ್ಕೊಂಡು ಓಡ್ಬೇಕು. ಬೆನ್ನಿಗೆ ಕೈ ಬಿದ್ದು 'ಖೋ' ಕೇಳೋವರೆಗೂ ಕೂತವ್ರು ಏಳೋ ಹಾಗಿಲ್ಲ.

ಶಿರಸಿಯಲ್ಲಿ ತಾಲೂಕು ಕ್ರೀಡಾಕೂಟ. ಎದುರಾಳಿ ನನ್ನ ಮುಂದೇ ಬಂದ. ತಡೀಲಾರದೆ ಎದ್ದುಬಿಟ್ಟೆ. ಫೌಲ್! ಅವನು ತಪ್ಪಿಸ್ಕೊಂಡ, ಒಂದೇ ಪಾಯಿಂಟಲ್ಲಿ ಸೋತ್ವಿ.

ವಾಪಸ್ ಬಸ್ಸಲ್ಲಿ ನನ್ನ ಪಕ್ಕ ಕೂತಿದ್ದು ನಮ್ಮ ಕ್ಯಾಪ್ಟನ್ ಒಬ್ಬನೇ. ಆಯಿ ಕಟ್ಟಿಕೊಟ್ಟ ಅವಲಕ್ಕೀಲಿ ಅರ್ಧ ಕೊಟ್ಟ. ಎಸ್ಸೆಸ್ಸೆಲ್ಸಿ ಆದ್ಮೇಲೆ ಅವನು ತೋಟಕ್ಕಿಳಿದ, ನಾನು ಬೆಂಗಳೂರು ಸೇರಿದೆ.

ಮೊನ್ನೆ ಊರಲ್ಲಿ ಸಿಕ್ಕಾಗ ಆ ಫೌಲ್ ವಿಷ್ಯ ಎತ್ತಿದೆ.

"ನಿನ್ನ ಬೆನ್ನ ಹಿಂದೇ ಇದ್ದಿದ್ದೆ ಮಾರಾಯಾ. ಖೋ ಕೊಡಲೆ ತಡ ಮಾಡಿದ್ದು ಆನೇ ಅಲ್ದನಾ?" ಅಂದ.

ಇಷ್ಟು ವರ್ಷ ಅವನೂ ಅದನ್ನ ಹೊತ್ಕೊಂಡೇ ಇದ್ನಾ...