ಪ್ರಾಂಪ್ಟ್ ಬಂತು, ಕೆಲಸ ನಿಂತಿತ್ತು

ಹೋದ ವರ್ಷ ಭತ್ತದ ಕೊಯ್ಲಿನ ಹೊತ್ತು. ಆಲೂರು ತಾಲ್ಲೂಕಿನ ಪಾಳ್ಯದ ಕಡೆ ಒಂದು ಊರಲ್ಲಿ ರಾತ್ರಿ ಆನೆಗಳು ಗದ್ದೆಗೆ ಇಳಿದಿದ್ದವು. ಬೆಳಗ್ಗೆ ನಾನು ಹೋದಾಗ ಬಲಿತ ತೆನೆ ಕೆಸರಿನಲ್ಲಿ ಚಾಪೆ ಹಾಸಿದ ಹಾಗೆ ಮಲಗಿತ್ತು. ಗದ್ದೆ ಯಜಮಾನರಿಗೆ ಅರವತ್ತು ದಾಟಿದೆ. ‘ಇದನ್ನೂ ತೆಗ್ಯಪ್ಪಾ, ಈ ಹೆಜ್ಜೆ ನೋಡು’ ಎಂದು ಬದುವಿನ ಮೇಲೆಲ್ಲ ನನ್ನನ್ನು ಓಡಾಡಿಸಿದರು. ಹೊರಡುವಾಗ ಕೇಳಿದ್ದು ಒಂದೇ ಮಾತು: ‘ನಾಳೆ ಪೇಪರಲ್ಲಿ ಬತ್ತದೆ ತಾನೆ?’

ಬರುತ್ತೆ ಅಂದೆ.

ಸಂಜೆ ಡೆಸ್ಕಿನವರು, ‘ವಿಡಿಯೊ ಚಿಕ್ಕದು ಮಾಡಿ ಕಳಿಸಿ, ಸುದ್ದಿ ಜೊತೆಗೇ ಹಾಕೋಣ, ಒಂಬತ್ತರೊಳಗೆ ಬರಲಿ’ ಅಂದರು. ನನ್ನದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ವಿಂಡೋಸ್ ಎಳೆಯಲಾರದೆ ಸ್ನೇಹಿತನೊಬ್ಬ ಲಿನಕ್ಸ್ ಹಾಕಿಕೊಟ್ಟಿದ್ದ. ಕಪ್ಪು ಕಿಟಕಿಯಲ್ಲಿ ಕಮಾಂಡ್ ಟೈಪ್ ಮಾಡಬೇಕು. ಡಿಪ್ಲೊಮಾದಲ್ಲಿ ನಮಗೆ ಇದನ್ನು ಯಾರೂ ಕಲಿಸಿರಲಿಲ್ಲ. ವಿಡಿಯೊ ಕಿರಿದು ಮಾಡುವ ಎಫ್‌ಎಫ್‌ಎಂಪೆಗ್ ಕಮಾಂಡ್ ಹೊಡೆದು, ಕೊನೆಗೆ & ಗುರುತು ಹಾಕಿದೆ. ಆ ಗುರುತು ಹಾಕಿದರೆ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ, ಕಿಟಕಿ ಬೇರೆ ಕೆಲಸಕ್ಕೆ ಬಿಡುವಾಗುತ್ತದೆ. ಪ್ರಾಂಪ್ಟ್ ವಾಪಸ್ ಬಂತು. ಸರಿ, ನಡೀತಾ ಇದೆ ಅಂದುಕೊಂಡು ಊಟಕ್ಕೆ ಎದ್ದೆ.

ಬಂದು ಎಂಟರ್ ಒತ್ತಿದೆ. ‘ಸ್ಟಾಪ್ಡ್’ ಅಂತ ಒಂದು ಸಾಲು. ಫೈಲಿನಲ್ಲಿ ಏನೂ ಇಲ್ಲ. ‘ಬಿಜಿ’ ಹೊಡೆದೆ, ಅಂದರೆ ಹಿನ್ನೆಲೆಯಲ್ಲೇ ಮುಂದುವರಿ ಎಂದು. ಮತ್ತೆ ಸ್ಟಾಪ್ಡ್. ಮತ್ತೊಮ್ಮೆ ಹೊಡೆದೆ. ಅದೇ ಕಥೆ. ಅಷ್ಟರಲ್ಲಿ ಕರೆಂಟು ಹೋಯಿತು, ಒಂಬತ್ತೂ ಕಳೆಯಿತು.

ಮಾರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಅವರೇ ಸಿಕ್ಕರು. ಕೈಯಲ್ಲಿ ಮಡಚಿದ ಪೇಪರ್. ‘ಪೂರ್ತಿ ನೋಡ್ದೆ ಕಣಪ್ಪಾ. ನಮ್ ಗದ್ದೆದು ಇಲ್ವಲ್ಲ.’ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಆ ರಾತ್ರಿ ಕೂತು ಹುಡುಕಿದೆ. ‘ಜಾಬ್ಸ್ -ಎಲ್’ ಎಂದು ಹೊಡೆದರೆ ನಿಂತ ಕೆಲಸದ ಮುಂದೆ ಕಾರಣವೂ ಬರುತ್ತದೆ. ನನ್ನದರ ಮುಂದೆ ‘ಟಿಟಿವೈ ಔಟ್‌ಪುಟ್’ ಎಂದಿತ್ತು. ಟಿಟಿವೈ ಅಂದರೆ ಆ ಕಪ್ಪು ಕಿಟಕಿಯೇ.

ಗ್ರಾಮಸಭೆ ನೆನಪಿಸಿಕೊಳ್ಳಿ. ಮೈಕ್ ಒಂದೇ, ಹಿಡಿದವರು ಒಬ್ಬರೇ. ಹಿಂದೆ ಕೂತವರು ತಮ್ಮ ಕೆಲಸ ಮಾಡಿಕೊಳ್ಳಬಹುದು, ಮೈಕಿಗೆ ಕೈ ಹಾಕುವಂತಿಲ್ಲ. ಯುನಿಕ್ಸ್ ಶೆಲ್ಲಿನಲ್ಲೂ ಹಾಗೇ. ಹಿನ್ನೆಲೆಯ ಕೆಲಸ ಕೀಬೋರ್ಡಿನಿಂದ ಓದಲು ಹೋದರೆ, ಅಥವಾ ಕಿಟಕಿಯ ಸೆಟ್ಟಿಂಗ್ ಬದಲಿಸಲು ಹೋದರೆ, ಸಿಸ್ಟಂ ಅದನ್ನು ಅಲ್ಲೇ ನಿಲ್ಲಿಸುತ್ತದೆ. ಎಫ್‌ಎಫ್‌ಎಂಪೆಗ್‌ಗೆ ಒಂದು ಅಭ್ಯಾಸವಿದೆ. ‘ಕ್ಯೂ’ ಒತ್ತಿದರೆ ಕೆಲಸ ಮುಗಿಸಲು ಅದು ಸದಾ ಕೀಬೋರ್ಡಿನ ಮೇಲೆ ಕಣ್ಣಿಟ್ಟಿರುತ್ತದೆ. ಅದಕ್ಕೇ ಎಷ್ಟು ಸಲ ಬಿಜಿ ಹೊಡೆದರೂ ಮತ್ತೆ ನಿಂತದ್ದು.

ಈ ಏರ್ಪಾಡು ಹಳೆಯದು. ಯುನಿಕ್ಸ್ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಶುರುವಾದದ್ದು. ಕೆಲಸವನ್ನು ನಿಲ್ಲಿಸಿ, ಮುಂದೆ ತಂದು, ಹಿಂದೆ ಕಳಿಸುವ ಸೌಲಭ್ಯ ಆಮೇಲೆ ಸಿ ಶೆಲ್ಲಿಗೆ ಸೇರಿತು. ಅದನ್ನು ಮೊದಲು ಮಾಡಿದವರು ಆಸ್ಟ್ರಿಯಾದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದ ಜಿಮ್ ಕಲ್ಪ್.

ನಾನು ಕಲಿತದ್ದು ಇಷ್ಟು. ‘ಎಫ್‌ಜಿ’ ಹೊಡೆದರೆ ನಿಂತ ಕೆಲಸ ಮುಂದೆ ಬರುತ್ತದೆ. ಪಾಸ್‌ವರ್ಡೋ, ಹೌದು-ಅಲ್ಲವೋ, ಕೇಳಿದ್ದಕ್ಕೆ ಉತ್ತರ ಕೊಡಿ. ಎಫ್‌ಎಫ್‌ಎಂಪೆಗ್ ಹಿನ್ನೆಲೆಯಲ್ಲೇ ಓಡಬೇಕಾದರೆ ‘-ನೋಸ್ಟ್‌ಡಿನ್’ ಎಂಬ ಆಯ್ಕೆ ಮೊದಲೇ ಸೇರಿಸಿ, ಆಗ ಕೀಬೋರ್ಡಿನ ತಂಟೆಗೇ ಹೋಗುವುದಿಲ್ಲ. ಕಂಟ್ರೋಲ್-ಝಡ್ ಒತ್ತಿದರೆ ಕೆಲಸ ರದ್ದಾಗುವುದಿಲ್ಲ, ಬರೀ ನಿಲ್ಲುತ್ತದೆ, ರದ್ದಿಗೆ ಕಂಟ್ರೋಲ್-ಸಿ. ಕಿಟಕಿ ಮುಚ್ಚಿದರೂ ನಡೆಯಬೇಕೆಂದರೆ ಕಮಾಂಡಿನ ಮೊದಲು ‘ನೋಹಪ್’. ಎಲ್ಲಕ್ಕಿಂತ ಮೊದಲು, ಊಟಕ್ಕೆ ಏಳುವ ಮುಂಚೆ ಒಂದು ಸಲ ‘ಜಾಬ್ಸ್’ ಹೊಡೆದು ನೋಡಿ. ಬ್ಯಾಶ್ ಶೆಲ್ ಮಾಮೂಲಾಗಿ ಎಂಟರ್ ಒತ್ತುವವರೆಗೆ ಸುದ್ದಿ ಹೇಳುವುದಿಲ್ಲ.

ಲ್ಯಾಪ್‌ಟಾಪ್ ಇಲ್ಲದವರಿಗೂ ಇಂಥದ್ದು ಗೊತ್ತು. ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿ ಫೋನ್ ಜೇಬಿಗೆ ಹಾಕಿದರೆ ಬ್ಯಾಟರಿ ಸೇವರ್ ಹಿನ್ನೆಲೆಯಲ್ಲಿ ತಡೆದುಬಿಟ್ಟಿರುತ್ತದೆ. ಕಾರಣ ಬೇರೆ, ಫಜೀತಿ ಅದೇ.

ಸುದ್ದಿ ಒಂದು ದಿನ ತಡವಾಗಿ ಬಂತು. ಪೇಪರ್ ಕೊಡಲು ಅವರ ಮನೆಗೆ ಹೋದೆ. ಕಾಫಿ ಕೊಟ್ಟು, ‘ಹಿಂದಿನ ಸಲದ ಪರಿಹಾರದ ಅರ್ಜಿನೂ ಹಂಗೇ ನಿಂತದೆ ಕಣಪ್ಪಾ, ನಡೀತಾ ಅದೆ ಅಂತಾರೆ’ ಎಂದರು. ಕಚೇರಿಗೆ ಇಬ್ಬರೂ ಹೋದೆವು. ಗುಮಾಸ್ತರು ಫೈಲ್ ತೆಗೆದರು. ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಇರಲಿಲ್ಲ. ಬೇಕು ಎಂದು ಫೈಲಿನೊಳಗೆ ಬರೆದಿತ್ತು, ಇವರಿಗೆ ಯಾರೂ ಹೇಳಿರಲಿಲ್ಲ.

ಎದುರಿನ ಅಂಗಡಿಯಲ್ಲಿ ಎರಡು ರೂಪಾಯಿಗೆ ಜೆರಾಕ್ಸ್ ಮಾಡಿಸಿ ಕೊಟ್ಟೆವು. ಈಗ ಯಾರಾದರೂ ‘ನಡೀತಾ ಇದೆ’ ಅಂದರೆ, ‘ಏನಕ್ಕಾದರೂ ಕಾಯ್ತಾ ಇದೆಯಾ?’ ಅಂತ ಇನ್ನೊಂದು ಪ್ರಶ್ನೆ ಕೇಳುತ್ತೇನೆ.