ಕಲಾದಗಿ ಸೀಮೆಯ ಕಾಲುಹಾದಿಗಳು

ನಡೆಯುವುದಕ್ಕೊಂದು ಕಾರಣವಿರಬೇಕೆಂಬುದು ನಮ್ಮ ಕಲಾದಗಿ ಸೀಮೆಯವರ ದೃಢವಾದ ಅಭಿಪ್ರಾಯ. ಹೊಲಕ್ಕೆ ಹೋಗುವವನು, ಕುರಿ ಕಾಯುವವನು, ಸಂತೆಗೆ ಹೊರಟವಳು, ಹರಕೆ ಹೊತ್ತವನು, ಇವರೆಲ್ಲ ನಡೆದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ; ಕೈಯಲ್ಲಿ ಕುಡಗೋಲಿಲ್ಲದೆ, ಹೆಗಲ ಮೇಲೆ ಕಂಬಳಿಯಿಲ್ಲದೆ, ಬರಿಯ ನಡೆಯುವ ಸುಖಕ್ಕಾಗಿ ಗುಡ್ಡವನ್ನೇರುವ ಮನುಷ್ಯನನ್ನು ಕಂಡರೆ ಮಾತ್ರ ಅವರಲ್ಲಿ ಕನಿಕರವೂ ಅನುಮಾನವೂ ಸಮಪ್ರಮಾಣದಲ್ಲಿ ಉದಿಸುವುವು. “ಯಾಕ್ರೀ ಸಾಹೇಬ್ರ, ಬಸ್ಸು ತಪ್ಪಿತೇನ್ರಿ?” ಎಂದು ಬಾದಾಮಿಯ ಗುಡ್ಡದ ಮೇಲೆ ವೃದ್ಧ ಕುರುಬನೊಬ್ಬ ನನ್ನನ್ನು ವಿಚಾರಿಸಿದ್ದುಂಟು. “ಇಲ್ಲರಿ ಯಜಮಾನ್ರ, ನಾನಽ ಬಿಟ್ಟು ಬಂದೇನಿ” ಎಂದೆ. ಇಂಥವನೊಡನೆ ವಾದ ವ್ಯರ್ಥವೆಂದು ತಿಳಿದ ಆ ಪುಣ್ಯಾತ್ಮ, “ಹಂಗಾರ ನೀರರ ಕುಡೀರಿ” ಎಂದು ತನ್ನ ಪಾಲಿನ ನೀರನ್ನು ಮುಂದೆ ಚಾಚಿದ.

ಈ ವ್ಯಸನಕ್ಕೆ ಬಾದಾಮಿಗಿಂತ ಪ್ರಶಸ್ತವಾದ ಸ್ಥಳವನ್ನು ನಾನು ಕಾಣೆ. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿಂದ ಹೋಗುವ ಹಳೆಯ ಹಾದಿ ಸುಮಾರು 5 ಕಿಲೋಮೀಟರಿನದು. ಡಾಂಬರು ರಸ್ತೆ ಗುಡ್ಡವನ್ನು ಬಳಸಿಕೊಂಡು ಅದರ ಎರಡು ಪಟ್ಟಿಗೂ ಮಿಕ್ಕು ಸುತ್ತುತ್ತದೆ. ಏರು ಮುಗಿದೊಡನೆ ಕಾಲ ಕೆಳಗೆ ಹಾಸುಬಂಡೆಯ ವಿಸ್ತಾರವಾದ ಬಯಲು ತೆರೆದುಕೊಳ್ಳುತ್ತದೆ. ಆ ಕೆಂಪು ಮರಳುಗಲ್ಲಿನ ಮೈಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ತೆರೆಗಳ ಗುರುತುಗಳಿವೆ. ಮನುಷ್ಯನೆಂಬ ಪ್ರಾಣಿ ಹುಟ್ಟುವುದಕ್ಕೆ ಕೋಟ್ಯಂತರ ವರ್ಷಗಳ ಮೊದಲು ಇಲ್ಲಿದ್ದ ಆಳವಿಲ್ಲದ ನೀರು ಮರಳಿನ ಮೇಲೆ ಬರೆದ ಬರಹವದು, ಕಲ್ಲಾಗಿ ಉಳಿದಿದೆ. ಭೂವಿಜ್ಞಾನಿಗಳು ಈ ಭಾಗದ ಪ್ರಾಚೀನ ಶಿಲಾಸಮೂಹಕ್ಕೆ ನಮ್ಮ ಕಲಾದಗಿಯ ಹೆಸರನ್ನೇ ಇಟ್ಟಿರುವರು. ಜಿಲ್ಲೆಯ ಮುಖ್ಯಸ್ಥಾನವೆಂಬ ಗೌರವ 1885ರಲ್ಲಿ ವಿಜಾಪುರಕ್ಕೆ ಹೋದರೂ ಕಲ್ಲಿನ ಮೇಲಣ ಹೆಸರನ್ನು ಯಾವ ಸರಕಾರವೂ ಒಯ್ಯಲಾಗಲಿಲ್ಲವೆಂಬುದು ಕಲಾದಗಿಯವರು ಇಟ್ಟುಕೊಳ್ಳಬಹುದಾದ ಸಮಾಧಾನ.

ಮುಂದೆ ಕುರುಚಲು ಕಾಡು, ಜಾಲಿ, ಕವಳಿಯ ಕಂಟಿ, ಮತ್ತೆ ಇಳಿಜಾರು. ಹಿಮದ ನಾಡುಗಳಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವುದಕ್ಕೆಂದೇ ಹಾದಿಗಳನ್ನು ನಿರ್ಮಿಸುವರೆಂದು ಓದಿದ್ದೇನೆ; ನಮ್ಮಲ್ಲಿ ಆ ಅನುಭವ ಬೇಕಾದವರಿಗೆ ಗರಸಿನ ಇಳಿಜಾರೂ ಸವೆದ ಚಪ್ಪಲಿಯೂ ಸಾಕು. ಹೀಗೆ ಜಾರುತ್ತ, ಏಳುತ್ತ ಇಳಿದವನಿಗೆ ಮರಗಳ ನೆರಳಿನಲ್ಲಿ ಮಹಾಕೂಟದ ಶಿಖರಗಳೂ, ಬೇಸಗೆಯಲ್ಲಿಯೂ ಒರತೆ ಬತ್ತದ ವಿಷ್ಣು ಪುಷ್ಕರಿಣಿಯೂ ಕಾಣುವುವು. ಚಾಲುಕ್ಯ ದೊರೆ ಮಂಗಳೇಶನು 602ರ ಸುಮಾರಿನಲ್ಲಿ ಇಲ್ಲಿ ನಿಲ್ಲಿಸಿದ ಶಾಸನಸ್ತಂಭ ಈಗ ವಿಜಾಪುರದ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಆ ನೀರು ಇಲ್ಲಿಯೇ ಇದೆ, ಅದರಲ್ಲಿ ಧುಮುಕುವ ಹುಡುಗರೂ ಇಲ್ಲಿಯೇ ಇದ್ದಾರೆ. ಬಸ್ಸಿನಲ್ಲಿ ಬಂದವನೂ ಇದೇ ನೀರಿಗೆ ಇಳಿಯುವನಷ್ಟೆ; ಆದರೂ ಬಂಡೆಯ ಕಾವನ್ನು ಅಂಗಾಲಿನಲ್ಲಿ ಹೊತ್ತು ತಂದವನಿಗೆ ಆ ತಂಪು ಕೊಡುವ ಸುಖವೇ ಬೇರೆ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಸಮಯ ಕಡಿಮೆಯಿದ್ದವರು ಬಾದಾಮಿಯ ಅಗಸ್ತ್ಯತೀರ್ಥದ ಆಚೆಯ ತಟ್ಟುಕೋಟಿಯ ದಿಕ್ಕಿಗೆ ನಡೆದು, ಕಪ್ಪೆ ಅರಭಟ್ಟನ ಶಾಸನವನ್ನು ಬಂಡೆಯ ಮೇಲೆಯೇ ಕಾಣಬಹುದು. ಅದರಲ್ಲಿರುವ ಕನ್ನಡ ತ್ರಿಪದಿಯ ಅತ್ಯಂತ ಹಳೆಯ ರೂಪವನ್ನು ಪಾಠಪುಸ್ತಕದಲ್ಲಿ ಬಾಯಿಪಾಠ ಮಾಡಿದವರು ಬಹಳ. ಬಿಸಿಲಿನಲ್ಲಿ ಕತ್ತೆತ್ತಿ, ಹಣೆಗೆ ಕೈಯಡ್ಡ ಹಿಡಿದು ಓದಿದವರು ವಿರಳ. ಇನ್ನೂ ದೂರ ಹೋಗಬಲ್ಲವರಿಗೆ ಸಿಡ್ಲಫಡಿಯ ಕಲ್ಲಾಸರೆಯಿದೆ, ಅಲ್ಲಿ ಇತಿಹಾಸಪೂರ್ವದ ಜನ ಬರೆದ ಕೆಂಪು ಚಿತ್ರಗಳಿವೆ.

ಸೈಕಲ್ಲಿನ ರಾಜ್ಯ ಬೇರೆ. ಬಾದಾಮಿಯಿಂದ 22 ಕಿಲೋಮೀಟರು ಪಟ್ಟದಕಲ್ಲು, ಅಲ್ಲಿಂದ ಮಲಪ್ರಭೆಯ ಬಯಲನ್ನು ಹಿಡಿದು ಐಹೊಳೆ. ಬಿಳಿಜೋಳ, ಸೂರ್ಯಪಾನ, ಕಬ್ಬುಗಳ ನಡುವೆ ಸಾಗುವ ಈ ದಾರಿಯಲ್ಲಿ, ತೆನೆ ಹಾಲುಗಟ್ಟುವ ಕಾಲದಲ್ಲಿ ಹೊರಟರೆ, ಹೊಲದ ಬದುವಿನಿಂದ “ಸೀತನಿ ತಿಂದು ಹೋಗಬರ್ರಿ” ಎಂಬ ಕೂಗು ಬಾರದೆ ಇರದು, ಆ ಕೂಗಿಗೆ ಓಗೊಟ್ಟವನು ಅಂದು ಐಹೊಳೆಯನ್ನು ಮುಟ್ಟುವ ಭರವಸೆಯೂ ಇರದು. ಮಳೆಗಾಲದಲ್ಲಿ ಮಾತ್ರ ಒಳಹಾದಿಗೆ ಇಳಿಯಬಾರದು: ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಗಿಡಿದುಕೊಂಡು, ಸವಾರನನ್ನು ಹೊರಬೇಕಾದ ವಾಹನ ಸವಾರನ ಹೆಗಲನ್ನೇರುತ್ತದೆ.

ನಡೆಯುವುದಕ್ಕೆ ಕಾರಣ ಬೇಕೆಂದು ವಾದಿಸುವ ನಮ್ಮವರೇ ಯುಗಾದಿ ಹತ್ತಿರವಾದಂತೆ, ಬೆಂಕಿಯಂಥ ಬಿಸಿಲಿನಲ್ಲಿ, ಕಂಬಿ ಹೊತ್ತುಕೊಂಡು ಶ್ರೀಶೈಲಕ್ಕೆ ಹೊರಡುವ ನೋಟವನ್ನು ಹುನಗುಂದ, ಇಳಕಲ್ಲಿನ ರಸ್ತೆಗಳಲ್ಲಿ ನೋಡಬೇಕು. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವರು. ಅಲ್ಲಿಯ ದೇವಿ ಭ್ರಮರಾಂಬೆ ನಮ್ಮ ಮನೆಯ ಮಗಳೆಂಬ ಸಲುಗೆಯಿಂದ ಸೀರೆ ಕುಪ್ಪಸ ಒಯ್ಯುವ ತವರಿನ ಜನರಿವರು. ದಾರಿಯುದ್ದಕ್ಕೂ ಹಂದರ ಹಾಕಿ ಮಜ್ಜಿಗೆ ಕೊಡುವವರು, ಊಟಕ್ಕೆ ಕೈಹಿಡಿದು ಎಳೆಯುವವರು, ಅಪರಿಚಿತರ ಕಾಲಿಗೆ ಎಣ್ಣೆ ತಿಕ್ಕುವವರು. ಭಕ್ತಿಯೇ ಕಾರಣವೆಂದು ಅವರು ಹೇಳುತ್ತಾರೆ, ಅದು ನಿಜ; ಆದರೆ ರಾತ್ರಿಯ ಬಿಡದಿಯಲ್ಲಿ ಬೊಕ್ಕೆಯೆದ್ದ ಪಾದಗಳನ್ನು ಒಬ್ಬರಿಗೊಬ್ಬರು ತೋರಿಸಿ ನಗುವ ಅವರ ಮುಖಗಳನ್ನು ಕಂಡ ಮೇಲೆ, ನಡೆಯುವ ಸುಖ ನನ್ನೊಬ್ಬನ ವ್ಯಸನವಲ್ಲವೆಂದು ನಾನು ನಿಶ್ಚಯಿಸಿಬಿಟ್ಟಿದ್ದೇನೆ.

ಕಾಲುಹಾದಿಯನ್ನು ದುರಸ್ತಿ ಮಾಡುವುದು ಕಾಲುಗಳೇ ಹೊರತು ಗುತ್ತಿಗೆದಾರರಲ್ಲ. ನಾಲ್ಕು ಮಳೆಗಾಲ ಜನ ನಡೆಯದಿದ್ದರೆ ಜಾಲಿಯ ಕಂಟಿ ಅದನ್ನು ನುಂಗಿಬಿಡುವುದು. ಆದ್ದರಿಂದ, ಓದುಗರೇ, ದಸರೆ ಕಳೆದ ಮೇಲೆ, ಶಿವರಾತ್ರಿಗೆ ಮೊದಲು ಬನ್ನಿ. ನಸುಕಿನಲ್ಲಿಯೇ ಹೊರಡಿ, ಬೇಕೆನಿಸುವುದಕ್ಕಿಂತ ಹೆಚ್ಚು ನೀರನ್ನು ಒಯ್ಯಿರಿ, ಕಟಕ ರೊಟ್ಟಿ ಶೇಂಗಾ ಹಿಂಡಿಗಳ ಬುತ್ತಿಯನ್ನು ಬಾದಾಮಿಯ ಮಂಗಗಳ ಕಣ್ಣಿಗೆ ಬೀಳದಂತೆ ಕಟ್ಟಿಕೊಳ್ಳಿರಿ.