ಗೋಡೆಯಾಚೆಯ ಆಟ

ಗಾಲ್ಫ್ ಆಟಕ್ಕೂ ನಮಗೂ ಇರುವ ಸಂಬಂಧವೆಂದರೆ ಒಂದು ಕಾಂಪೌಂಡು ಗೋಡೆಯದು. ಚೆಂಬೂರಿನಲ್ಲಿ ಬಿಡಾರ ಹೂಡಿದ ಮೊದಲ ವರ್ಷಗಳಲ್ಲಿ ನಾವು ಅಲ್ಲಿಯ ಗಾಲ್ಫ್ ಮೈದಾನದ ಮಗ್ಗುಲಲ್ಲೇ ನಡೆದು ಹೋಗುತ್ತಿದ್ದೆವು. ಆಚೆ ಹಸುರು, ಈಚೆ ಧೂಳು. ಒಮ್ಮೆ ಬಿಳಿಯ ಚೆಂಡೊಂದು ಗೋಡೆ ಹಾರಿ ಬಂದು ನಮ್ಮ ತರಕಾರಿ ಚೀಲದ ಬಳಿ ಬಿತ್ತು. ಇದರ ಬೆಲೆ ಎಷ್ಟಿರಬಹುದೆಂದು ಗಂಡಹೆಂಡಿರಿಬ್ಬರೂ ಲೆಕ್ಕ ಹಾಕಿದೆವು. ನಮ್ಮ ಗಾಲ್ಫ್ ಜ್ಞಾನ ಅಲ್ಲಿಗೆ ಮುಗಿಯಿತು.

ಅಂಥ ನಾವು ಈ ಸಂಚಿಕೆಗೆ ಗಾಲ್ಫ್ ಆಟಗಾರನೊಬ್ಬನ ಕಥೆ ಬರೆಯಲು ಕುಳಿತಿದ್ದೇವೆಂದರೆ ವಾಚಕರು ನಕ್ಕಾರು. ನಗಲಿ. ಆದರೆ ಕೊನೆಯವರೆಗೆ ಓದಲಿ ಎಂದು ಪ್ರಾರ್ಥನೆ.

ಮಾಟುಂಗಾದ ಕಾಲುದಾರಿಯಲ್ಲಿ ಹಳೆಯ ಪುಸ್ತಕಗಳ ರಾಶಿ ಕೆದಕುವುದು ನಮ್ಮ ಭಾನುವಾರದ ಚಟ. ಅಲ್ಲಿ ಕೈಗೆ ಬಂದ, ರಟ್ಟು ಹರಿದ ಕ್ರೀಡಾ ಪುಸ್ತಕವೊಂದರಲ್ಲಿ ಸಿಕ್ಕಿದವನು ಜಾನ್ ಮೆಕ್‌ಡರ್ಮಟ್. 1891ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಹುಟ್ಟಿದವನು. ತಂದೆ ಅಂಚೆಯವ. ಸಾಹೇಬರ ಆಟದ ಕೋಲುಗಳ ಚೀಲ ಹೊರುವ ಕ್ಯಾಡಿ ಹುಡುಗನಾಗಿ ಮೈದಾನ ಹೊಕ್ಕ ಇವನು, ಶಾಲೆ ಬಿಟ್ಟು ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ. ದೂರದಲ್ಲಿ ನೆಲದ ಮೇಲೆ ವೃತ್ತಪತ್ರಿಕೆ ಹಾಸಿ, ಅದರ ಮೇಲೇ ಚೆಂಡು ಬೀಳುವಂತೆ ಗಂಟೆಗಟ್ಟಲೆ ಹೊಡೆಯುತ್ತಿದ್ದನಂತೆ.

ಆಗಿನ ಪರಿಸ್ಥಿತಿ ಹೇಗಿತ್ತೆಂದರೆ, ಯು.ಎಸ್. ಓಪನ್ ಎಂಬ ದೊಡ್ಡ ಪಂದ್ಯ 1895ರಲ್ಲಿ ಆರಂಭವಾದಂದಿನಿಂದ 1910ರವರೆಗೆ ಹದಿನಾರು ಸಲವೂ ಗೆದ್ದವರು ಸಮುದ್ರದಾಚೆ ಬ್ರಿಟನ್ನಿನ ಕಡೆ ಹುಟ್ಟಿದವರೇ. ಪಂದ್ಯ ಅಮೆರಿಕದ್ದು, ಕಪ್ಪು ಪರದೇಶದವರದು. 1910ರಲ್ಲಿ ಮೆಕ್‌ಡರ್ಮಟ್ ಮೊದಲ ಸ್ಥಾನಕ್ಕೆ ಮೂವರಲ್ಲಿ ಒಬ್ಬನಾಗಿ ನಿಂತು, ಮರುಪಂದ್ಯದಲ್ಲಿ ಸೋತ. ಮರುವರ್ಷ ಚಿಕಾಗೋದಲ್ಲಿ ಮತ್ತೆ ಮೂವರು ಸಮಸಮ, ಮತ್ತೆ ಮರುಪಂದ್ಯ. ಈ ಸಲ ಗೆದ್ದ. ವಯಸ್ಸು ಹತ್ತೊಂಬತ್ತು ವರ್ಷ ಹತ್ತು ತಿಂಗಳು. ಅಷ್ಟು ಎಳೆಯ ವಯಸ್ಸಿನಲ್ಲಿ ಆ ಪಂದ್ಯ ಗೆದ್ದವರು ಇಂದಿನವರೆಗೂ ಇನ್ನೊಬ್ಬರಿಲ್ಲ. 1912ರಲ್ಲಿ ಬಫೆಲೋದಲ್ಲಿ ಮತ್ತೆ ಗೆದ್ದ.

ಇಲ್ಲಿಯವರೆಗೆ ಓದಿದಾಗ ನಮಗೆ ನೆನಪಾದವನು ಅಕ್ಕನ ಮಗ. ಊರಿನ ಶಾಲೆಯಲ್ಲಿ ಮೊದಲಿಗ, ಕಾಲೇಜಿನಲ್ಲಿ ಮೊದಲಿಗ. ಅವನು ಇಂಜಿನಿಯರಿಂಗ್ ಓದಲು ಮುಂಬಯಿಗೆ ಬಂದು ನಮ್ಮ ಎರಡು ಕೋಣೆಯ ಮನೆಯಲ್ಲಿ ಉಳಿದಾಗ ನಮ್ಮ ಎದೆ ಎರಡು ಅಂಗುಲ ಉಬ್ಬಿತ್ತು. ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಅವನ ಅಂಕಪಟ್ಟಿ.

ಮೆಕ್‌ಡರ್ಮಟ್‌ನ ಇಳಿಗಾಲ ಗೆಲುವಿನ ನಡುವೆಯೇ ಶುರುವಾಯಿತು. 1913ರಲ್ಲಿ ಷಾನಿ ಎಂಬಲ್ಲಿ, ಇಂಗ್ಲೆಂಡಿನಿಂದ ಬಂದ ಮಹಾರಥಿಗಳಾದ ಹ್ಯಾರಿ ವಾರ್ಡನ್, ಟೆಡ್ ರೇ ಇಬ್ಬರನ್ನೂ ಹಿಂದೆ ಹಾಕಿ ಗೆದ್ದ. ಗೆದ್ದ ಅಮಲಿನಲ್ಲಿ, ಬಂದ ಅತಿಥಿಗಳು ನಮ್ಮ ದೇಶದ ಕಪ್ಪನ್ನು ಒಯ್ಯಲಾರರು ಎಂದು ಸಭೆಯಲ್ಲೇ ಆಡಿಬಿಟ್ಟ. ಪತ್ರಿಕೆಗಳು ಅದನ್ನು ಹಿಡಿದು ಎಳೆದಾಡಿದವು. ಗಾಲ್ಫ್ ಸಂಘದವರು ಕಣ್ಣು ಕೆಂಪಗೆ ಮಾಡಿದರು. ಹುಡುಗ ಕ್ಷಮೆ ಕೇಳಿದ. ಕೇಳಿದರೂ ಮನಸ್ಸಿನ ಮುಳ್ಳು ಹೋಗಲಿಲ್ಲ. ಷೇರು ವ್ಯವಹಾರದಲ್ಲಿ ಕೂಡಿಟ್ಟ ಹಣವೂ ಹೋಯಿತು. 1914ರಲ್ಲಿ ಬ್ರಿಟಿಷ್ ಓಪನ್ ಆಡಲು ಹೋದವನು ರೈಲು ತಪ್ಪಿ, ಆಟಕ್ಕೇ ಸೇರಲಾಗದೆ ಹಿಂತಿರುಗಿದ. ಬರುವಾಗ ಅವನಿದ್ದ ಹಡಗಿಗೆ ಇಂಗ್ಲಿಷ್ ಕಡಲ್ಗಾಲುವೆಯ ಮಂಜಿನಲ್ಲಿ ಇನ್ನೊಂದು ಹಡಗು ಢಿಕ್ಕಿ ಹೊಡೆಯಿತು. ಮೈಗೆ ಗಾಯವಾಗಲಿಲ್ಲ. ಆದರೆ ಅದೇ ವರ್ಷ ಅಟ್ಲಾಂಟಿಕ್ ಸಿಟಿಯ ಕ್ಲಬ್ಬಿನಲ್ಲಿ, ತಾನು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲೇ ಕುಸಿದುಬಿದ್ದ. ಇಪ್ಪತ್ತಮೂರನೆಯ ವಯಸ್ಸಿಗೆ ಪಂದ್ಯಗಳ ಬಾಳು ಮುಗಿಯಿತು. 1916ರಲ್ಲಿ ತಾಯಿಯೇ ಅವನನ್ನು ನಾರಿಸ್‌ಟೌನಿನ ಸರಕಾರಿ ಮಾನಸಿಕ ಆಸ್ಪತ್ರೆಗೆ ಸೇರಿಸಿದಳು.

ನಮ್ಮ ಹುಡುಗನಿಗೆ ಹಡಗೂ ಇರಲಿಲ್ಲ, ಮಂಜೂ ಇರಲಿಲ್ಲ. ಕೆಲಸಕ್ಕೆ ಸೇರಿದ ಎರಡನೆಯ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬೂಟು ಹಾಕಿಕೊಂಡು ಮಂಚದ ಮೇಲೆ ಕುಳಿತವನು ಏಳಲೇ ಇಲ್ಲ. 8-12ರ ಲೋಕಲ್ ಹೋಯಿತು, ಅದರ ಹಿಂದಿನದೂ ಹೋಯಿತು. ಸಂಜೆಯವರೆಗೆ ಗೋಡೆ ನೋಡುತ್ತ ಕುಳಿತಿದ್ದ. ಡಾಕ್ಟರು, ಮಾತ್ರೆ, ಕೆಲವು ವಾರ ಆಸ್ಪತ್ರೆ, ಎಲ್ಲವೂ ಆಯಿತು. ಅವುಗಳ ವಿಷಯ ಬರೆಯಲು ನಮಗೆ ನಾಚಿಕೆಯಿಲ್ಲ. ನಾಚಿಕೆಯಾಗುವುದು ಮುಂದಿನದಕ್ಕೆ.

ಕೇಳಿದವರಿಗೆಲ್ಲ ನಾವು, "ಕಂಪೆನಿಯ ಕೆಲಸದ ಮೇಲೆ ಹೊರಗೆ ಹೋಗಿದ್ದಾನೆ," ಎಂದೆವು. ನೆಂಟರು ಬಂದರೆ ಒಳಕೋಣೆಯ ಬಾಗಿಲು ಎಳೆದೆವು. ಒಮ್ಮೆ ಊರಿನವರು ಕುಳಿತು ಊಟ ಮಾಡುತ್ತಿದ್ದಾಗ ಒಳಗಿನಿಂದ ಅವನು, "ಅತ್ತೆ, ನೀರು ಬೇಕಿತ್ತು," ಎಂದ. ರೇಡಿಯೋದ ಸದ್ದು ಏರಿಸಿದವರು ನಾವೇ. ಅವನು ಮತ್ತೆ ಕೇಳಲಿಲ್ಲ.

ಪುಸ್ತಕದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಮೆಕ್‌ಡರ್ಮಟ್‌ನ ಗೆಲುವಲ್ಲ, ಅವನ ಅಕ್ಕತಂಗಿಯರು. ಅರ್ಧ ಶತಮಾನಕ್ಕೂ ಮಿಕ್ಕಿ ಅವನು ಆಸ್ಪತ್ರೆಯ ಲೆಕ್ಕದಲ್ಲಿದ್ದ. ಈ ಹೆಣ್ಣುಮಕ್ಕಳು ಅವನನ್ನು ಅಲ್ಲಿಗೇ ಬಿಟ್ಟು ಬಾಗಿಲು ಎಳೆದುಕೊಳ್ಳಲಿಲ್ಲ. ಹೊರಗೆ ಕರೆದೊಯ್ದರು, ಆಡಿಸಿದರು, ದೊಡ್ಡ ಪಂದ್ಯಗಳಿಗೆ ಪ್ರೇಕ್ಷಕನಾಗಿ ಕರೆದುಕೊಂಡು ಹೋದರು. ಜಗತ್ಪ್ರಸಿದ್ಧ ಆಟಗಾರ ವಾಲ್ಟರ್ ಹೇಗನ್ ಕೂಡ ಆಸ್ಪತ್ರೆಗೆ ಹೋಗಿ ಅವನನ್ನು ಕಂಡುಬಂದ. 1971ರ ಯು.ಎಸ್. ಓಪನ್ ನಡೆದದ್ದು ಫಿಲಡೆಲ್ಫಿಯದ ಹತ್ತಿರದ ಮೆರಿಯನ್ನಿನಲ್ಲಿ. ಅಲ್ಲಿಗೆ ಬಂದ ಈ ಬಡಕಲು ಮುದುಕನನ್ನು ಯಾರೋ ಗುರುತಿಸದೆ ಹೊರಗೆ ಹೋಗೆಂದರಂತೆ. ಆರ್ನಾಲ್ಡ್ ಪಾಮರ್ ಗುರುತಿಸಿ, ಹೆಗಲ ಮೇಲೆ ಕೈಯಿಟ್ಟು ಮಾತನಾಡಿಸಿದರಂತೆ. ಹಾಗೆಂದು ಹೇಳುತ್ತಾರೆ. ಅದೇ ವರ್ಷ ಆಗಸ್ಟಿನಲ್ಲಿ, ಎಂಬತ್ತು ತುಂಬಲು ಕೆಲವೇ ದಿನಗಳಿರುವಾಗ, ಅವನು ತೀರಿಕೊಂಡ.

ಇನ್ನೊಂದು ಮಾತು ಹೇಳಲೇಬೇಕು. 1913ರ ಓಪನ್‌ನಲ್ಲಿ ಫ್ರಾನ್ಸಿಸ್ ವಿಮೆಟ್ ಎಂಬ ಇಪ್ಪತ್ತರ ಹವ್ಯಾಸಿ ಹುಡುಗ ವಾರ್ಡನ್, ರೇ ಇಬ್ಬರೊಂದಿಗೆ ಮರುಪಂದ್ಯ ಆಡಬೇಕಾಗಿ ಬಂತು. ಮೆಕ್‌ಡರ್ಮಟ್ ಎಂಟನೆಯವನಾಗಿ ಸೋತು ಹೊರಗಿದ್ದ. ಸೋತವನೇ ಆ ಹುಡುಗನ ಬಳಿ ಹೋಗಿ, ಅವರಿಬ್ಬರ ಕಡೆ ನೋಡಬೇಡ, ನಿನ್ನ ಆಟ ನೀನಾಡು ಎಂದು ಧೈರ್ಯ ಹೇಳಿದ. ವಿಮೆಟ್ ಗೆದ್ದ. ಇವನಿಗೆ ಅಂಥ ಮಾತನ್ನು ಯಾರಾದರೂ ಹೇಳಿದ್ದರೇ? ನಮ್ಮ ಹುಡುಗನಿಗೆ ನಾವು ಹೇಳಲಿಲ್ಲವೆಂಬುದು ಮಾತ್ರ ನಮಗೆ ಗೊತ್ತು. ಪಕ್ಕದ ಮನೆಯವನು ಅಮೆರಿಕಕ್ಕೆ ಹೋದ, ನೀನು ಯಾವಾಗ ಎಂದು ಕೇಳಿದವರು ನಾವು.

ಕಳೆದ ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವಕ್ಕೆ ಅವನನ್ನು ಕರೆದೆವು. "ನಾನು ಬರಲೇ ಮಾವ? ಯಾರಾದರೂ ಕೇಳಿದರೆ?" ಎಂದ. ಆ ಪ್ರಶ್ನೆಯನ್ನು ಅವನಿಗೆ ಕಲಿಸಿದವರು ಯಾರೆಂದು ನಮಗೆ ತಿಳಿಯದೆ ಇರಲಿಲ್ಲ.

ಬಂದ. ನಿರೀಕ್ಷಿಸಿದಂತೆ ಹಿರಿಯರೊಬ್ಬರು, "ಇವನು ಹೊರಗಿದ್ದನಲ್ಲ, ಯಾವಾಗ ಬಂದ?" ಎಂದು ವಿಚಾರಿಸಿದರು. "ಹೊರಗೆ ಹೋಗಿರಲಿಲ್ಲ. ಮನಸ್ಸಿಗೆ ಹುಷಾರಿರಲಿಲ್ಲ, ಮನೆಯಲ್ಲೇ ಇದ್ದ. ಈಗಲೂ ಔಷಧ ನಡೆದಿದೆ," ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮನ್ನು ಪಕ್ಕಕ್ಕೆ ಕರೆದು, ತಮ್ಮ ಮಗಳಿಗೂ ಹಾಗೆಯೇ ಎಂದರು. ನೀವು ತೋರಿಸಿದ ಡಾಕ್ಟರು ಯಾರೆಂದು ಮೆಲ್ಲಗೆ ಕೇಳಿದರು. ಇಪ್ಪತ್ತು ವರ್ಷಗಳಿಂದ ಒಂದೇ ಪಂಕ್ತಿಯಲ್ಲಿ ಉಂಡವರು ನಾವು!

ಅಷ್ಟರಲ್ಲಿ ನಮ್ಮ ಹುಡುಗ ಕೊನೆಯ ಸಾಲಿನ ಕುರ್ಚಿಗಳನ್ನು ಎಣಿಸಿ, ಆರು ಕಡಮೆಯಿವೆ ಎಂದು ಕಾರ್ಯದರ್ಶಿಗಳಿಗೆ ಹೇಳುತ್ತಿದ್ದ. ಆರು ತಂದು ಹಾಕಿದ. ಆಮೇಲೆ ನಮ್ಮ ನಡುವೆ ಬಂದು ಕುಳಿತುಕೊಂಡ.